ಅಳದ ಮಗುವಿನ ನೋವು

ಜೋಆನ್ ಈಲ್ಯಾಂಡ್ ಎಂಬ ಅಮೆರಿಕದ ನರ್ಸ್ 1970ರ ದಶಕದಲ್ಲಿ ಮಾಡಿದ ಲೆಕ್ಕ ತೀರಾ ಸರಳವಾದದ್ದು. ಅಯೋವಾ ರಾಜ್ಯದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 4ರಿಂದ 8 ವರ್ಷದ 25 ಮಕ್ಕಳ ಕೇಸ್ ಶೀಟುಗಳನ್ನು ತೆಗೆದು, ಯಾರಿಗೆ ಎಷ್ಟು ಸಲ ನೋವಿನ ಔಷಧ ಕೊಟ್ಟಿದ್ದಾರೆ ಎಂದು ಎಣಿಸಿದರು. ಇಪ್ಪತ್ತೈದೂ ಮಕ್ಕಳಿಗೆ ಸೇರಿ ಸಿಕ್ಕಿದ್ದು ಒಟ್ಟು 24 ಡೋಸ್. 13 ಮಕ್ಕಳಿಗೆ ಒಂದೂ ಇಲ್ಲ. ಆ ಹದಿಮೂರರಲ್ಲಿ ಪಾದ ತುಂಡಾದ ಮಗುವಿತ್ತು, ಕತ್ತಿನ ಗೆಡ್ಡೆ ತೆಗೆಸಿಕೊಂಡ ಮಗುವಿತ್ತು, ಮೂತ್ರಪಿಂಡದ ಒಂದು ಭಾಗವನ್ನೇ ಕತ್ತರಿಸಿ ತೆಗೆದಿದ್ದ ಮಗುವಿತ್ತು. ಹೋಲಿಕೆಗೆಂದು ಅಂಥವೇ ಕಾಯಿಲೆಗಳ 18 ವಯಸ್ಕರ ಶೀಟುಗಳನ್ನೂ ನೋಡಿದರು. ಅವರಿಗೆ ಮಾರ್ಫಿನ್ ಬಳಗದ ಔಷಧ 372 ಡೋಸ್, ಉಳಿದ ನೋವು ನಿವಾರಕಗಳು 299 ಡೋಸ್ ಸಂದಿದ್ದವು. ಈ ಅಂಕಿಗಳು 1977ರಲ್ಲಿ ಅಚ್ಚಾದವು.

ಆ ವಾರ್ಡಿನಲ್ಲಿದ್ದವರು ಕ್ರೂರಿಗಳೇನಲ್ಲ. ಮಕ್ಕಳೆಂದರೆ ಜೀವ ಬಿಡುವಂಥವರೇ ಮಕ್ಕಳ ವಾರ್ಡಿಗೆ ಬರುತ್ತಾರೆ. ಆದರೆ ಮಕ್ಕಳಿಗೆ ನೋವು ಅಷ್ಟಾಗಿ ಆಗುವುದಿಲ್ಲ, ಆದರೂ ಬೇಗ ಮರೆಯುತ್ತಾರೆ, ಮಾರ್ಫಿನ್ ಕೊಟ್ಟರೆ ಉಸಿರು ನಿಂತೀತು ಇಲ್ಲವೇ ಚಟ ಹತ್ತೀತು ಎಂಬ ನಂಬಿಕೆಗಳು ವೈದ್ಯಕೀಯ ಪಾಠದ ಭಾಗವೇ ಆಗಿದ್ದವು. ಶಸ್ತ್ರಚಿಕಿತ್ಸೆಯ ನಂತರ ಮಕ್ಕಳಿಗೆ ನೋವಿನ ಔಷಧ ಬೇಕಾಗುವುದೇ ಅಪರೂಪ, ಅವರು ಚೆನ್ನಾಗಿ ತಡೆದುಕೊಳ್ಳುತ್ತಾರೆ ಎಂದು 1968ರಲ್ಲಿ ವೈದ್ಯ ಪತ್ರಿಕೆಯೊಂದರಲ್ಲಿ ಗಂಭೀರವಾಗಿಯೇ ಬರೆದವರಿದ್ದರು. ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತ್ತು. ಆಗ ನೋವಿನ ಔಷಧ ಎಂದರೆ ಬಹುಪಾಲು ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್. ಸಿಸ್ಟರ್ ಬಂದು "ನೋವಿದೆಯಾ ಪುಟ್ಟಾ?" ಎಂದು ಕೇಳಿದರೆ, ಹೌದು ಎಂದ ಮಗುವಿಗೆ ಸೂಜಿ, ಇಲ್ಲ ಎಂದ ಮಗುವಿಗೆ ಬಿಡುಗಡೆ. ಐದು ವರ್ಷದ ಮಗು ಈ ಲೆಕ್ಕವನ್ನು ಒಂದೇ ದಿನದಲ್ಲಿ ಕಲಿಯುತ್ತದೆ. ಸುಮ್ಮನೆ ಗೋಡೆ ಕಡೆ ತಿರುಗಿ ಮಲಗುತ್ತದೆ. "ಮಗು ಆರಾಮಾಗಿದೆ" ಎಂದು ಶೀಟಿನಲ್ಲಿ ಬರೆಯಲಾಗುತ್ತದೆ.

ಅತ್ತ ಮಗುವಿಗೇ ಹಾಲು ಎಂದು ನಾವು ಹೇಳುತ್ತೇವಲ್ಲ, ಆಸ್ಪತ್ರೆಗಳೂ ದಶಕಗಳ ಕಾಲ ಅದನ್ನೇ ನಂಬಿ ನಡೆದವು. ಅಳು ಇದ್ದರೆ ನೋವು, ಅಳು ಇಲ್ಲದಿದ್ದರೆ ನೋವಿಲ್ಲ. ಕಳೆದ ಐವತ್ತು ವರ್ಷಗಳಲ್ಲಿ ಮಕ್ಕಳ ನೋವಿನ ವಿಜ್ಞಾನ ಮಾಡಿದ ಕೆಲಸದಲ್ಲಿ ಬಹುಭಾಗ ಈ ಸಮೀಕರಣವನ್ನು ಮುರಿಯುವುದೇ ಆಗಿತ್ತು. ಆ ಕೆಲಸದಲ್ಲಿ ವೈದ್ಯರಿಗಿಂತ ನರ್ಸ್‌ಗಳ ಪಾಲು ದೊಡ್ಡದು. ಕಾರಣ ಸ್ಪಷ್ಟ. ರೌಂಡ್ಸ್‌ಗೆ ಬರುವ ವೈದ್ಯರು ಮಗುವನ್ನು ನೋಡುವುದು ಕೆಲವೇ ನಿಮಿಷ. ರಾತ್ರಿ ಮೂರು ಗಂಟೆಗೆ ಮಗು ಮುಲುಗಿದಾಗ ಹತ್ತಿರ ಇರುವವರು ಡ್ಯೂಟಿ ಸಿಸ್ಟರ್.

ಹಸುಳೆಗಳ ಕಥೆ ಇನ್ನೂ ಘೋರ. ನವಜಾತ ಶಿಶುವಿನ ಮಿದುಳು ಪೂರ್ತಿ ಬಲಿತಿರುವುದಿಲ್ಲ, ಹಾಗಾಗಿ ಅದಕ್ಕೆ ನೋವಿನ ಅರಿವೇ ಇಲ್ಲ ಎಂಬುದು 1980ರ ದಶಕದವರೆಗೂ ಚಾಲ್ತಿಯಲ್ಲಿದ್ದ ಮಾತು. 1941ರಲ್ಲಿ ಮರ್ಟಲ್ ಮ್ಯಾಕ್‌ಗ್ರಾ ಎಂಬ ಮನೋವಿಜ್ಞಾನಿ ಶಿಶುಗಳಿಗೆ ಗುಂಡುಪಿನ್ನಿನಿಂದ ಚುಚ್ಚಿ ನೋಡಿದ ಪ್ರಯೋಗಗಳು ಈ ನಂಬಿಕೆಗೆ ಒತ್ತಾಸೆಯಾಗಿದ್ದವು. ಪರಿಣಾಮವಾಗಿ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಎದೆ ಸೀಳುವಾಗಲೂ ಎಷ್ಟೋ ಕಡೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧವನ್ನಷ್ಟೇ ಕೊಡುತ್ತಿದ್ದರು. ಶಿಶು ಅಲುಗಾಡುವಂತಿಲ್ಲ, ಅಳುವಂತಿಲ್ಲ, ಆದರೆ ಎಚ್ಚರವಾಗಿರುತ್ತದೆ. 1985ರಲ್ಲಿ ಅಮೆರಿಕದ ರಾಜಧಾನಿಯಲ್ಲಿ ಜೆಫ್ರಿ ಲಾಸನ್ ಎಂಬ ಅಕಾಲ ಶಿಶುವಿಗೆ ಹೃದಯದ ಬಳಿಯ ರಕ್ತನಾಳ ಕಟ್ಟುವ ಶಸ್ತ್ರಚಿಕಿತ್ಸೆ ಹೀಗೇ ಆಯಿತು. ವಾರಗಳ ನಂತರ ಶಿಶು ತೀರಿಕೊಂಡಿತು. ದಾಖಲೆ ತರಿಸಿ ಓದಿದ ತಾಯಿ ಜಿಲ್ ಲಾಸನ್‌ಗೆ ಅರಿವಳಿಕೆಯನ್ನೇ ಕೊಟ್ಟಿರಲಿಲ್ಲ ಎಂದು ತಿಳಿಯಿತು. ಆಕೆ ಸುಮ್ಮನಾಗಲಿಲ್ಲ, ಪತ್ರ ಬರೆದರು, 1986ರಲ್ಲಿ ಸುದ್ದಿ ಪತ್ರಿಕೆಗಳಿಗೆ ಬಂತು, ಓದಿದವರು ಬೆಚ್ಚಿಬಿದ್ದರು.

ಅದೇ ಹೊತ್ತಿಗೆ ಆಕ್ಸ್‌ಫರ್ಡ್‌ನಲ್ಲಿ ಭಾರತೀಯ ವೈದ್ಯರೊಬ್ಬರು ಉತ್ತರ ಹುಡುಕುತ್ತಿದ್ದರು. ಇಂದೋರ್‌ನಲ್ಲಿ ವೈದ್ಯಪದವಿ ಪಡೆದು ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಅಲ್ಲಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್, ಶಸ್ತ್ರಚಿಕಿತ್ಸೆ ಮುಗಿಸಿ ವಾರ್ಡಿಗೆ ಮರಳುವ ಅಕಾಲ ಶಿಶುಗಳು ಹೋದಾಗಿನದಕ್ಕಿಂತ ಹದಗೆಟ್ಟು ಬರುವುದನ್ನು ಗಮನಿಸಿದ್ದರು. ಶಿಶುಗಳನ್ನು ಎರಡು ಗುಂಪು ಮಾಡಿ, ಆಗಿನ ರೂಢಿಯ ಅರೆಬರೆ ಅರಿವಳಿಕೆಯನ್ನು ಒಂದು ಗುಂಪಿಗೂ, ಅದರ ಜೊತೆಗೆ ಫೆಂಟನಿಲ್ ಎಂಬ ಬಲವಾದ ನೋವು ನಿವಾರಕವನ್ನು ಇನ್ನೊಂದಕ್ಕೂ ಕೊಟ್ಟರು. ಫೆಂಟನಿಲ್ ಪಡೆಯದ ಶಿಶುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಉಕ್ಕೇರಿದ್ದವು, ಆಮೇಲಿನ ತೊಡಕುಗಳೂ ಅವುಗಳಿಗೇ ಹೆಚ್ಚು. 1987ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಸಂಘ, ಶಿಶುಗಳಿಗೂ ಅರಿವಳಿಕೆ ಕೊಡಬೇಕೆಂದು ಹೇಳಿಕೆ ಹೊರಡಿಸಿತು. ಇಪ್ಪತ್ತನೇ ಶತಮಾನ ಮುಗಿಯಲು ಇನ್ನು ಹದಿಮೂರೇ ವರ್ಷ ಉಳಿದಿತ್ತು ಎಂಬುದನ್ನು ನೆನಪಿಡಿ. ಮನುಷ್ಯ ಚಂದ್ರನ ಮೇಲಿಂದ ಹಿಂದಿರುಗಿ ಆಗಲೇ ಎಷ್ಟೋ ವರ್ಷವಾಗಿತ್ತು.

ಇಂದು ಅನುಮಾನಕ್ಕೆ ಜಾಗವಿಲ್ಲ. 2015ರಲ್ಲಿ ಆಕ್ಸ್‌ಫರ್ಡ್‌ನ ತಂಡವೊಂದು ಮಲಗಿದ್ದ ನವಜಾತ ಶಿಶುಗಳನ್ನು ಎಂಆರ್‌ಐ ಯಂತ್ರದೊಳಗಿಟ್ಟು, ಪಾದವನ್ನು ಮೊಂಡು ಕಡ್ಡಿಯೊಂದರಿಂದ ಹಗುರವಾಗಿ ತಿವಿದು ನೋಡಿತು. ವಯಸ್ಕರಲ್ಲಿ ನೋವಿಗೆ ಚುರುಕಾಗುವ ಮಿದುಳಿನ 20 ಭಾಗಗಳ ಪೈಕಿ 18 ಭಾಗಗಳು ಶಿಶುಗಳಲ್ಲೂ ಚುರುಕಾದವು. ವಯಸ್ಕರ ಮಿದುಳಿನಲ್ಲಿ ಅಷ್ಟೇ ಪ್ರತಿಕ್ರಿಯೆ ಬರಲು ನಾಲ್ಕು ಪಟ್ಟು ಜೋರಾಗಿ ತಿವಿಯಬೇಕಾಯಿತು. ನಮ್ಮ ಮಿದುಳಿನಿಂದ ಬೆನ್ನುಹುರಿಯತ್ತ ಇಳಿದು ನೋವಿನ ಸಂಕೇತಗಳಿಗೆ ಅಷ್ಟಿಷ್ಟು ಕಡಿವಾಣ ಹಾಕುವ ನರಮಾರ್ಗಗಳಿವೆ. ಶಿಶುಗಳಲ್ಲಿ ಅವು ಇನ್ನೂ ಬಲಿತಿರುವುದಿಲ್ಲ. ಅಂದರೆ ಮಿದುಳು ಬಲಿತಿಲ್ಲ ಎಂಬ ಹಳೆಯ ವಾದದ ಮೊದಲರ್ಧ ನಿಜವೇ. ಅದರಿಂದ ತೆಗೆದ ತೀರ್ಮಾನ ಮಾತ್ರ ತಲೆಕೆಳಗಾಗಿತ್ತು.

ನೋವಿದೆ ಎಂದು ಒಪ್ಪಿಕೊಂಡದ್ದಾಯಿತು. ಎಷ್ಟಿದೆ ಎಂದು ತಿಳಿಯುವುದು ಹೇಗೆ? ಜ್ವರಕ್ಕೆ ಥರ್ಮಾಮೀಟರ್ ಇದೆ, ನೋವಿಗೆ ಇಲ್ಲ. ನೋವು ಪಡುವವರು ಏನೆನ್ನುತ್ತಾರೋ ಅದೇ ನೋವು, ಇದೆ ಎಂದಾಗ ಇದೆ ಎಂಬರ್ಥದ ಮಾತನ್ನು ಮಾರ್ಗೊ ಮೆಕ್ಯಾಫ್ರಿ ಎಂಬ ನರ್ಸ್ 1968ರಲ್ಲೇ ಹೇಳಿದ್ದರು. ಮಾತು ಬಲ್ಲ ವಯಸ್ಕರಿಗೆ ಇದು ಸರಿ. ಮಾತೇ ಬಾರದವರಿಗೆ?

ಹಸುಳೆಯ ಮುಖವೇ ಮೊದಲ ಸಾಕ್ಷಿ. 1987ರಲ್ಲಿ ಕೆನಡಾದ ರೂತ್ ಗ್ರುನಾವ್ ಮತ್ತು ಕೆನೆತ್ ಕ್ರೇಗ್, ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ಶಿಶುಗಳ ಮುಖದಲ್ಲಾಗುವ ಬದಲಾವಣೆಗಳನ್ನು ವಿಡಿಯೋದಲ್ಲಿ ಹಿಡಿದು ನಿಧಾನವಾಗಿ ಬಿಡಿಸಿ ನೋಡಿದರು. ಹುಬ್ಬುಗಳ ನಡುವೆ ಉಬ್ಬು ಬರುತ್ತದೆ, ಕಣ್ಣು ಬಿಗಿಯಾಗಿ ಮುಚ್ಚುತ್ತದೆ, ಮೂಗಿನ ಬದಿಯಿಂದ ತುಟಿಯಂಚಿಗೆ ಇಳಿಯುವ ಗೆರೆ ಆಳವಾಗುತ್ತದೆ, ಬಾಯಿ ತೆರೆದು ನಾಲಿಗೆ ದೋಣಿಯಂತೆ ಬಿಗಿಯುತ್ತದೆ. ಹಸಿವಿನ ಅಳುವಿನಲ್ಲಿ ಈ ಎಲ್ಲವೂ ಹೀಗೆ ಒಟ್ಟಿಗೆ ಬರುವುದು ಕಡಿಮೆ. ಎನ್‌ಐಸಿಯುವಿನಲ್ಲಿ (ನವಜಾತ ಶಿಶುಗಳ ತೀವ್ರನಿಗಾ ಘಟಕದಲ್ಲಿ) ಪಳಗಿದ ಸಿಸ್ಟರ್ ಬಾಗಿಲಲ್ಲಿ ನಿಂತೇ "ಇದು ಹಸಿವಲ್ಲ" ಎನ್ನುವುದು ಈ ಗೆರೆಗಳನ್ನು ಓದಿಯೇ. ಇವುಗಳ ಜೊತೆಗೆ ಹೃದಯ ಬಡಿತ, ರಕ್ತದ ಆಮ್ಲಜನಕ ಮತ್ತು ಶಿಶು ಎಷ್ಟು ವಾರಕ್ಕೆ ಹುಟ್ಟಿತು ಎಂಬುದನ್ನೂ ಸೇರಿಸಿ ಅಂಕ ಕೊಡುವ ಪದ್ಧತಿಯನ್ನು ಕೆನಡಾದ ನರ್ಸ್ ಬಾನಿ ಸ್ಟೀವನ್ಸ್ ಮತ್ತು ಸಂಗಡಿಗರು 1996ರಲ್ಲಿ ರೂಪಿಸಿದರು. ವಾರದ ಲೆಕ್ಕ ಏಕೆ ಬೇಕು? ತೀರಾ ಮುಂಚೆ ಹುಟ್ಟಿದ ಶಿಶುವಿಗೆ ಮುಖ ಕಿವಿಚುವ ಶಕ್ತಿಯೂ ಇರುವುದಿಲ್ಲ. ನೋವು ಹೆಚ್ಚಾದಾಗ ಅದು ಅಳುವ ಬದಲು ಕೈಕಾಲು ಸಡಿಲ ಬಿಟ್ಟು ಸುಮ್ಮನಾಗಿಬಿಡಬಹುದು. ಪ್ರತಿಕ್ರಿಯೆ ಕಡಿಮೆ ಎಂದು ಅಂಕ ಕಡಿಮೆ ಮಾಡಿದರೆ ಎಲ್ಲರಿಗಿಂತ ದುರ್ಬಲರಿಗೇ ಅನ್ಯಾಯ.

ಸ್ವಲ್ಪ ದೊಡ್ಡ ಮಕ್ಕಳಿಗೆ, ಅಂದರೆ ಎರಡು ತಿಂಗಳಿಂದ ಏಳು ವರ್ಷದವರೆಗೆ, ಜಗತ್ತಿನಾದ್ಯಂತ ಬಳಕೆಯಲ್ಲಿರುವುದು 'ಫ್ಲ್ಯಾಕ್' ಮಾಪನ. ಮಿಶಿಗನ್ ವಿಶ್ವವಿದ್ಯಾಲಯದ ನರ್ಸ್ ಸಾಂಡ್ರಾ ಮರ್ಕೆಲ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ್ದು. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನವಾಗುವಿಕೆ ಎಂಬ ಐದು ಅಂಶಗಳಿಗೆ ತಲಾ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು ಹತ್ತು. ಇದರಲ್ಲಿ ಅಳುವಿಗೆ ಇರುವುದು ಎರಡೇ ಅಂಕ ಎಂಬುದನ್ನು ಗಮನಿಸಿ. ಉಳಿದ ಎಂಟು ಅಂಕಗಳನ್ನು ಒಂದು ಹನಿ ಕಣ್ಣೀರು ಹಾಕದ ಮಗುವೂ ಗಳಿಸಬಹುದು.

ಹರ್ನಿಯಾ ಶಸ್ತ್ರಚಿಕಿತ್ಸೆ ಮುಗಿದು ಎಚ್ಚರವಾದ ಎರಡು ವರ್ಷದ ಮಗುವನ್ನು ಊಹಿಸಿಕೊಳ್ಳಿ. ಸಿಸ್ಟರ್ ಹಾಸಿಗೆಯ ಬಳಿ ನಿಂತು ಒಂದೆರಡು ನಿಮಿಷ ಏನೂ ಮಾಡದೆ ಬರೀ ನೋಡುತ್ತಾರೆ. ಹಲ್ಲು ಕಚ್ಚಿದೆ, ಗದ್ದ ಪದೇಪದೇ ನಡುಗುತ್ತಿದೆ: ಎರಡು. ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡಿದೆ: ಎರಡು. ಮೈ ಬಿಗಿ ಹಿಡಿದು ಆಚೀಚೆ ಹೊರಳುತ್ತಿದೆ: ಒಂದು. ಜೋರು ಅಳುವಿಲ್ಲ, ಸಣ್ಣಗೆ ಮುಲುಗುತ್ತಿದೆ: ಒಂದು. ಅಮ್ಮ ಎತ್ತಿ ಬೆನ್ನು ಸವರಿದರೆ ಒಂದಿಷ್ಟು ಹಗುರಾಗುತ್ತದೆ: ಒಂದು. ಕೂಡಿಸಿದರೆ ಏಳು. ನಾಲ್ಕರಿಂದ ಆರು ಮಧ್ಯಮ ನೋವು, ಏಳರಿಂದ ಮೇಲೆ ತೀವ್ರ ನೋವು. ದೂರದಿಂದ ನೋಡಿದವರಿಗೆ "ಮಗು ಅಳ್ತಾ ಇಲ್ವಲ್ಲ" ಎಂದೇ ಕಾಣುತ್ತದೆ. ಔಷಧ ಕೊಟ್ಟು, ಅದು ಕೆಲಸ ಮಾಡುವಷ್ಟು ಹೊತ್ತು ಬಿಟ್ಟು, ಸಿಸ್ಟರ್ ಮತ್ತೆ ಬಂದು ಅಂಕ ಹಾಕುತ್ತಾರೆ. ಏಳು ಮೂರಕ್ಕೆ ಇಳಿದರೆ ಸರಿ. ಇಳಿಯದಿದ್ದರೆ ವೈದ್ಯರಿಗೆ ಫೋನು. ಮರುಪರೀಕ್ಷೆ ಇಲ್ಲದ ಮೊದಲ ಅಂಕ ಅರ್ಧ ಕೆಲಸ, ಮತ್ತು ಗಡಿಬಿಡಿಯ ವಾರ್ಡುಗಳಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಈ ಎರಡನೇ ಅರ್ಧವೇ.

ಸೆರೆಬ್ರಲ್ ಪಾಲ್ಸಿ ಇರುವ, ಮಾತು ಬೆಳೆಯದ ಮಕ್ಕಳಲ್ಲಿ ಈ ಮಾಪನವೂ ಎಡವುತ್ತದೆ. ಅವರ ಕಾಲು ಯಾವಾಗಲೂ ಬಿಗಿಯೇ, ಮುಖ ಯಾವಾಗಲೂ ಬೇರೆಯೇ. ಕೆಲವು ಮಕ್ಕಳು ನೋವಾದಾಗ ನಗುವುದೂ ಉಂಟು. ಹಾಗಾಗಿ 2006ರಲ್ಲಿ ಬಂದ ಪರಿಷ್ಕೃತ ಫ್ಲ್ಯಾಕ್‌ನಲ್ಲಿ ಒಂದು ಜಾಣ ಬದಲಾವಣೆ ಆಯಿತು. ಶಸ್ತ್ರಚಿಕಿತ್ಸೆಗೆ ಮೊದಲೇ ತಂದೆತಾಯಿಯನ್ನು ಕೇಳಿ, ನಿಮ್ಮ ಮಗು ನೋವಾದರೆ ಏನು ಮಾಡುತ್ತದೆ ಎಂಬುದನ್ನು ಆ ಮಗುವಿನ ಶೀಟಿನಲ್ಲೇ ಬರೆದುಕೊಳ್ಳುವುದು. ಈ ವಿಷಯದಲ್ಲಿ ನಮ್ಮ ಜಿಲ್ಲಾಸ್ಪತ್ರೆಗಳಿಗೆ ಒಂದು ಅನುಕೂಲ ಮೊದಲಿಂದಲೂ ಇದೆ. ಇಂಗ್ಲೆಂಡಿನಲ್ಲಿ ಆಸ್ಪತ್ರೆ ಸೇರಿದ ಮಕ್ಕಳ ಜೊತೆ ತಾಯಿ ಇರಲು ಬಿಡಬೇಕೆಂದು ಹೇಳಲು 1959ರ ಪ್ಲಾಟ್ ಸಮಿತಿಯ ವರದಿಯೇ ಬೇಕಾಯಿತು. ನಮ್ಮಲ್ಲಿ ತಾಯಿ, ಜೊತೆಗೆ ಅಜ್ಜಿಯೂ, ಮಂಚದ ಮೇಲೇ ಇರುತ್ತಾರೆ. ಮಗುವಿನ ನೋವಿನ ಭಾಷೆ ಬಲ್ಲವರನ್ನು ಎದುರಿಗೇ ಇಟ್ಟುಕೊಂಡು ಅವರನ್ನು ಕೇಳದಿರುವುದು ನಮ್ಮ ದಡ್ಡತನ.

ಮಾತು ಬಂದ ಮಕ್ಕಳನ್ನು ಮಕ್ಕಳ ರೀತಿಯಲ್ಲೇ ಕೇಳಬೇಕು. ಎಂಟು ವರ್ಷ ದಾಟಿದವರಿಗೆ ಸೊನ್ನೆಯಿಂದ ಹತ್ತರವರೆಗಿನ ಅಂಕ ಅರ್ಥವಾಗುತ್ತದೆ. ಅದಕ್ಕಿಂತ ಚಿಕ್ಕವರು "ಹತ್ತರಲ್ಲಿ ಎಷ್ಟು?" ಎಂದರೆ ತಮಗಿಷ್ಟವಾದ ಸಂಖ್ಯೆ ಹೇಳುತ್ತಾರೆ. ನ್ಯಾನ್ಸಿ ಹೆಸ್ಟರ್ ಎಂಬ ನರ್ಸ್ 1979ರಲ್ಲಿ ನಾಲ್ಕು ಬಿಲ್ಲೆಗಳನ್ನು ಮಗುವಿನ ಮುಂದಿಟ್ಟು, ಇವು ನೋವಿನ ತುಂಡುಗಳು, ನಿನ್ನ ಹತ್ತಿರ ಎಷ್ಟು ತುಂಡಿವೆ ಎಂದು ಕೇಳುವ ವಿಧಾನ ತಂದರು. ಅವರೆಕಾಳಿಟ್ಟು ಕೇಳಿದರೂ ನಡೆಯುತ್ತದೆ. ಜೂಡಿತ್ ಬೇಯರ್ ಎಂಬ ಇನ್ನೊಬ್ಬ ನರ್ಸ್ ಮಗುವಿನ ನಿಜವಾದ ಫೋಟೊಗಳನ್ನು ಬಳಸಿದರು. ಈಲ್ಯಾಂಡ್ ಮಕ್ಕಳ ಕೈಗೆ ಬಣ್ಣ ಕೊಟ್ಟು ದೇಹದ ಚಿತ್ರದ ಮೇಲೆ ನೋವಿರುವಲ್ಲಿ ಬಳಿಯಲು ಹೇಳಿದರು.

ಎಲ್ಲಕ್ಕಿಂತ ಹೆಸರಾದದ್ದು ಒಕ್ಲಹೋಮಾದ ಟಲ್ಸಾ ನಗರದ ಸುಟ್ಟಗಾಯಗಳ ವಾರ್ಡಿನಲ್ಲಿ ಹುಟ್ಟಿದ ಮುಖಗಳ ಸಾಲು. 1980ರ ದಶಕದ ಮೊದಲಲ್ಲಿ ಡೋನಾ ವಾಂಗ್ ಎಂಬ ನರ್ಸ್ ಮತ್ತು ಆಸ್ಪತ್ರೆಯಲ್ಲಿ ಮಕ್ಕಳ ಒಡನಾಡಿಯಾಗಿ ಕೆಲಸ ಮಾಡುತ್ತಿದ್ದ ಕಾನಿ ಬೇಕರ್, ಮಕ್ಕಳಿಗೆ ಖಾಲಿ ವೃತ್ತಗಳನ್ನು ಕೊಟ್ಟು, ನೋವಿಲ್ಲದ ಮುಖದಿಂದ ತುಂಬಾ ನೋವಿರುವ ಮುಖದವರೆಗೆ ಬರೆಯಲು ಹೇಳಿದರು. ನಗುವ ಮುಖದಿಂದ ಅಳುವ ಮುಖದವರೆಗಿನ ಆರು ಚಿತ್ರಗಳು ಹಾಗೆ ಹುಟ್ಟಿದವು. ಇಂದು ಬೆಂಗಳೂರಿನ ಆಸ್ಪತ್ರೆಗಳ ಗೋಡೆಗಳ ಮೇಲೂ ಅವು ಅಂಟಿಕೊಂಡಿವೆ.

ಆದರೆ ಈ ಚಂದದ ಚಿತ್ರದಲ್ಲಿ ಒಂದು ಐಬಿದೆ. ಮೊದಲ ಮುಖ ನಗುತ್ತದೆ, ಕೊನೆಯ ಮುಖ ಅಳುತ್ತದೆ. ಕಾಲು ನೋಯದಿದ್ದರೂ ಮನೆ ನೆನಪಾಗಿ ಬೇಸರದಲ್ಲಿರುವ ಮಗು ನಗುವ ಮುಖವನ್ನು ಆರಿಸುವುದು ಹೇಗೆ? ಕಾಲು ವಿಪರೀತ ನೋಯುತ್ತಿದ್ದರೂ ಗಂಡು ಹುಡುಗ ಅಳಬಾರದೆಂದು ಕೇಳಿಕೊಂಡೇ ಬೆಳೆದವನು ಕಣ್ಣೀರಿನ ಮುಖಕ್ಕೆ ಬೆರಳಿಡುವನೇ? ನಗುಮುಖದಿಂದ ಶುರುವಾಗುವ ಮಾಪನಗಳಲ್ಲಿ ಮಕ್ಕಳು ಹೆಚ್ಚಿನ ಅಂಕವನ್ನೇ ಆರಿಸುತ್ತಾರೆಂದು ಕೆನಡಾದ ಮನೋವಿಜ್ಞಾನಿ ಕ್ರಿಸ್ಟೀನ್ ಚೇಂಬರ್ಸ್ ಪ್ರಯೋಗಗಳಿಂದ ತೋರಿಸಿದರು. ನೋವು ಮತ್ತು ದುಃಖ ಅಲ್ಲಿ ಕಲಸಿಹೋಗುತ್ತವೆ. ಆಸ್ಟ್ರೇಲಿಯಾದಲ್ಲಿ 1990ರಲ್ಲಿ ಬಂದು 2001ರಲ್ಲಿ ಪರಿಷ್ಕರಣೆಗೊಂಡ ಮತ್ತೊಂದು ಸಾಲಿನಲ್ಲಿ ಮೊದಲ ಮುಖ ನಗುವುದಿಲ್ಲ, ಸುಮ್ಮನಿರುತ್ತದೆ; ಕೊನೆಯದರಲ್ಲಿ ಕಣ್ಣೀರಿಲ್ಲ, ಕಿವಿಚಿದ ಮುಖವಷ್ಟೇ. ಸಂಶೋಧಕರು ಇದನ್ನೇ ಮೆಚ್ಚುತ್ತಾರೆ. ಮಕ್ಕಳು ಮಾತ್ರ ವಾಂಗ್–ಬೇಕರ್ ಚಿತ್ರಗಳನ್ನೇ ಇಷ್ಟಪಡುತ್ತಾರೆ. ನನಗೇನೋ ಕಣ್ಣೀರಿಲ್ಲದ ಸಾಲೇ ಮೇಲೆನಿಸುತ್ತದೆ. ಅಳಬೇಡ ಎಂದು ಮಕ್ಕಳನ್ನು ಸದಾ ಗದರುವ ಸಮಾಜದಲ್ಲಿ ನೋವಿನ ಅಳತೆಗೆ ಕಣ್ಣೀರು ಬೆರೆಸುವುದು ಸಲ್ಲ.

ಯಾವ ಸಾಲೇ ಇರಲಿ, ಐದು ವರ್ಷಕ್ಕಿಂತ ಚಿಕ್ಕ ಮಕ್ಕಳು ಎರಡು ತುದಿಗಳನ್ನಷ್ಟೇ ಮುಟ್ಟುತ್ತಾರೆ. ಮೂರ್ನಾಲ್ಕು ವರ್ಷದವರಿಗೆ "ಇಲ್ಲ, ಸ್ವಲ್ಪ, ತುಂಬಾ" ಎಂಬ ಮೂರು ಮೆಟ್ಟಿಲು ಸಾಕು. ಅನುಭವಿ ಸಿಸ್ಟರ್ ಇನ್ನೂ ಒಂದು ಕೆಲಸ ಮಾಡುತ್ತಾರೆ: "ನೋವಿದೆ ಅಂದ್ರೆ ಸೂಜಿ ಚುಚ್ಚಲ್ಲ, ಕುಡಿಯೋ ಔಷಧಿ ಕೊಡ್ತೀನಿ" ಎಂದು ಮೊದಲೇ ಹೇಳಿ, ಆಮೇಲೆ ಕೇಳುತ್ತಾರೆ. ಮತ್ತು ಹೇಳಿದ ಮಾತನ್ನು ಉಳಿಸಿಕೊಳ್ಳುತ್ತಾರೆ.

ಇನ್ನು ನೋವು ಕಡಿಮೆ ಮಾಡುವ ಮಾತು. ಆಸ್ಪತ್ರೆಯ ಮಗುವಿಗೆ ಕಾಯಿಲೆಗಿಂತ ಹೆಚ್ಚು ನೋವು ಕೊಡುವುದು ಎಷ್ಟೋ ಸಲ ಚಿಕಿತ್ಸೆಯೇ. 2008ರಲ್ಲಿ ಪ್ರಕಟವಾದ ಪ್ಯಾರಿಸ್ ಪ್ರದೇಶದ ಅಧ್ಯಯನವೊಂದು ತೀವ್ರನಿಗಾ ಘಟಕಗಳ 430 ನವಜಾತ ಶಿಶುಗಳನ್ನು ಮೊದಲ ಹದಿನಾಲ್ಕು ದಿನ ಹಿಂಬಾಲಿಸಿತು. ಅವುಗಳ ಮೇಲೆ ನಡೆದ ನೋವಿನ ವಿಧಾನಗಳು 42,413. ಒಂದು ಶಿಶುವಿಗೆ ದಿನಕ್ಕೆ ಸುಮಾರು ಹತ್ತು. ಸುಮಾರು ಶೇ 79ರಷ್ಟು ಸಂದರ್ಭಗಳಲ್ಲಿ ಅದಕ್ಕೆಂದೇ ನೋವು ತಗ್ಗಿಸುವ ಏನನ್ನೂ ಮಾಡಿರಲಿಲ್ಲ. ಇದು ಶ್ರೀಮಂತ ದೇಶದ ಲೆಕ್ಕ. ಆದ್ದರಿಂದ ನರ್ಸಿನ ಮೊದಲ ಪ್ರಶ್ನೆ ಯಾವ ಔಷಧ ಎಂಬುದಲ್ಲ. ಈ ಸೂಜಿ ಬೇಕೇ ಎಂಬುದು. ಮೂರು ಪರೀಕ್ಷೆಗೆ ಮೂರು ಸಲ ಚುಚ್ಚುವ ಬದಲು ಒಂದೇ ಸಲ ರಕ್ತ ತೆಗೆದರೆ ಎರಡು ನೋವು ಉಳಿಯಿತು.

ಚುಚ್ಚಲೇಬೇಕಾದಾಗ ಪುಟ್ಟ ಶಿಶುಗಳಿಗೆ ಎದೆಹಾಲಿನಷ್ಟು ಒಳ್ಳೆಯ ಉಪಾಯ ಮತ್ತೊಂದಿಲ್ಲ. ಹಾಲು ಕುಡಿಯುತ್ತಿರುವಾಗಲೇ ಲಸಿಕೆ ಹಾಕಿದರೆ ಅಳು ಎದ್ದುಕಾಣುವಷ್ಟು ಕಡಿಮೆಯಾಗುತ್ತದೆ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಶಿಶುವನ್ನು ಕಟ್ಟಿಕೊಳ್ಳುವ ಕಾಂಗರೂ ಆರೈಕೆಯೂ ಹೀಗೇ. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ, ಶಾಖಪೆಟ್ಟಿಗೆಗಳ ಕೊರತೆಯಿಂದ ಹುಟ್ಟಿದ ಈ ಪದ್ಧತಿ ನಮ್ಮ ಕೊಪ್ಪಳ ಜಿಲ್ಲೆಯ ಹಳ್ಳಿಮನೆಗಳಿಗೂ ಬಂದಿದೆ. ಅದರ ಮುಖ್ಯ ಉದ್ದೇಶ ಜೀವ ಉಳಿಸುವುದು, ಆದರೆ ಹಿಮ್ಮಡಿ ಚುಚ್ಚಿದ ನೋವನ್ನು ಅದು ತಗ್ಗಿಸುತ್ತದೆ ಎಂಬುದಕ್ಕೂ ಪುರಾವೆ ಗಟ್ಟಿಯಾಗಿದೆ.

ಎರಡೂ ಆಗದಿದ್ದಾಗ ಚುಚ್ಚುವ ಎರಡು ನಿಮಿಷ ಮೊದಲು ನಾಲಿಗೆಯ ಮೇಲೆ ಸಕ್ಕರೆ ದ್ರಾವಣದ ಕೆಲವು ಹನಿ ಹಾಕುತ್ತಾರೆ. ಸಾವಿರಾರು ಶಿಶುಗಳ ಮೇಲಿನ ಪ್ರಯೋಗಗಳಲ್ಲಿ ಅಳು ಮತ್ತು ಮುಖದ ಕಿವಿಚು ಎರಡೂ ಇದರಿಂದ ಇಳಿದಿವೆ. ಆದರೆ 2010ರಲ್ಲಿ ರೆಬೆಕಾ ಸ್ಲೇಟರ್ ತಂಡ ಮಿದುಳಿನ ವಿದ್ಯುತ್ ಚಟುವಟಿಕೆ ಅಳೆದಾಗ ಸಕ್ಕರೆ ಕುಡಿದ ಶಿಶುಗಳಲ್ಲಿ ನೋವಿನ ಸಂಕೇತ ಇಳಿದಿರಲಿಲ್ಲ. ಸಕ್ಕರೆ ನೋವು ತಗ್ಗಿಸುತ್ತದೋ, ಮುಖವನ್ನಷ್ಟೇ ಸುಮ್ಮನಿರಿಸುತ್ತದೋ? ವಾದ ಇನ್ನೂ ಮುಗಿದಿಲ್ಲ. ಅಳದಿರುವುದೆಂದರೆ ನೋವಿಲ್ಲದಿರುವುದೇ ಎಂಬ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಮರಳಿ ಬಂದಂತಾಯಿತು.

ಮಗು ಎಡವಿ ಬಿದ್ದರೆ ಅಜ್ಜಿ ಮೊಣಕಾಲು ಉಜ್ಜಿ 'ಉಫ್' ಎಂದು ಊದುತ್ತಾಳೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ಸಿದ್ಧಾಂತದ ಪ್ರಕಾರ ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ. ಸ್ಪರ್ಶದ ಸಂಕೇತ ತರುವ ದಪ್ಪ ನರತಂತುಗಳು ಚುರುಕಾದಾಗ, ನೋವು ತರುವ ಸಪುರ ತಂತುಗಳಿಗೆ ಆ ಬಾಗಿಲು ಅರ್ಧ ಮುಚ್ಚುತ್ತದೆ. ಮೇಲಿನಿಂದ ಮಿದುಳೂ ಅದನ್ನು ಮುಚ್ಚಬಲ್ಲದು. ವಾರ್ಡಿನ ಸಿಸ್ಟರ್ ಮಗುವಿನ ಕೈಗೆ ಸಾಬೂನು ಗುಳ್ಳೆಯ ಡಬ್ಬಿಯನ್ನೋ ಕಾಗದದ ಗಿರಗಿಟ್ಲೆಯನ್ನೋ ಕೊಟ್ಟು ಊದಿಸುವುದು ಇದಕ್ಕೇ. ಮಿದುಳಿನ ಗಮನ ಗುಳ್ಳೆಯ ಕಡೆ ಹೋದಷ್ಟೂ ಸೂಜಿಯ ಪಾಲಿಗೆ ಕಡಿಮೆ ಉಳಿಯುತ್ತದೆ. ಮೊಬೈಲಿನ ಕಾರ್ಟೂನೂ ಕೆಲಸ ಮಾಡುತ್ತದೆ. ಮಗು ತಾನೇ ಏನಾದರೂ ಮಾಡುವಂಥದ್ದು ಇನ್ನೂ ಚೆನ್ನ.

ಮಗುವನ್ನು ಹಿಡಿಯುವ ಬಗೆಯೂ ಮುಖ್ಯ. ಮಂಚದ ಮೇಲೆ ಅಂಗಾತ ಮಲಗಿಸಿ ನಾಲ್ವರು ಕೈಕಾಲು ಅದುಮಿದರೆ ಮಗುವಿನ ಪಾಲಿಗೆ ಅದು ಹಲ್ಲೆ. ತಾಯಿಯ ತೊಡೆಯ ಮೇಲೆ ಎದೆಗೊರಗಿ ಕುಳಿತಿರುವಾಗ ಚುಚ್ಚಿದರೆ ಭಯ ಕಡಿಮೆ. ಕ್ಯಾನುಲಾ ಹಾಕುವ ಜಾಗಕ್ಕೆ ಲಿಡೊಕೇನ್–ಪ್ರಿಲೊಕೇನ್ ಮುಲಾಮು ಹಚ್ಚಿ ಮೇಲೆ ಪ್ಲಾಸ್ಟಿಕ್ ಅಂಟಿಸಿದರೆ ಚರ್ಮ ಮರಗಟ್ಟುತ್ತದೆ. ಇದು ನಮ್ಮ ಔಷಧದಂಗಡಿಗಳಲ್ಲೂ ಸಿಗುತ್ತದೆ. ತೊಡಕೆಂದರೆ ಒಂದು ಗಂಟೆ ಮೊದಲೇ ಹಚ್ಚಬೇಕು. ನಮ್ಮ ಒಪಿಡಿಗಳಲ್ಲಿ ಒಂದು ಗಂಟೆ ಮೊದಲು ಯೋಚಿಸುವ ವ್ಯವಧಾನ ಯಾರಿಗಿದೆ ಎನ್ನಬಹುದು. ಚೀಟಿ ಹಿಡಿದು ಕಾಯುವ ಸಾಲಿನಲ್ಲಿ ಆ ಗಂಟೆ ಹೇಗೂ ಕಳೆಯುತ್ತದಲ್ಲ, ಸಾಲಿನ ಮೊದಲಲ್ಲೇ ಹಚ್ಚಿಬಿಟ್ಟರಾಯಿತು.

ಮಾತಿನ ವಿಷಯದಲ್ಲಿ ಸಂಶೋಧನೆ ಹೇಳುವುದು ತುಸು ಅಚ್ಚರಿಯದು. "ಏನಾಗಲ್ಲ, ಏನಾಗಲ್ಲ, ಮುಗೀತು ಮುಗೀತು" ಎಂಬ ಸಾಂತ್ವನದಿಂದ ಮಗುವಿನ ಕಳವಳ ಇಳಿಯುವುದಿಲ್ಲ, ಏರುವುದೇ ಹೆಚ್ಚು. ದೊಡ್ಡವರ ದನಿಯಲ್ಲಿರುವ ಗಾಬರಿಯನ್ನು ಮಗು ಗುರುತಿಸುತ್ತದೆ. "ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ" ಎಂಬುದು ಒಮ್ಮೆ ನಡೆಯುವ ಸುಳ್ಳು. "ಚುಚ್ಚುತ್ತೆ, ನೀನು ಐದು ಸಲ ಊದೋದ್ರೊಳಗೆ ಮುಗಿಯುತ್ತೆ" ಎಂಬುದು ಪ್ರತಿ ಸಲವೂ ನಡೆಯುವ ನಿಜ.

ಔಷಧಗಳ ಕಡೆ ಬಂದರೆ, ಬಹುಪಾಲು ನೋವಿಗೆ ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್ ಸಾಕು. ಪ್ಯಾರಸಿಟಮಾಲ್ ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಲೆಕ್ಕ ತಪ್ಪುವುದು ತೂಕದಲ್ಲಲ್ಲ, ಬಾಟಲಿಯಲ್ಲಿ. 5 ಮಿಲೀ ಸಿರಪ್‌ನಲ್ಲಿ 125 ಮಿಲಿಗ್ರಾಂ ಇರುವ ಬಾಟಲಿಯೂ ಇದೆ, 250 ಇರುವುದೂ ಇದೆ. ಶಿಶುಗಳ ಡ್ರಾಪ್ಸ್‌ನಲ್ಲಿ ಒಂದೇ ಮಿಲೀಗೆ 100 ಮಿಲಿಗ್ರಾಂ. 10 ಕಿಲೋ ಮಗುವಿಗೆ ಡ್ರಾಪ್ಸ್ ಆದರೆ ಒಂದರಿಂದ ಒಂದೂವರೆ ಮಿಲೀ. ಸಿರಪ್ ಎಂದುಕೊಂಡು ಅದನ್ನೇ ಒಂದು ಚಮಚ ಕುಡಿಸಿದರೆ ಮೂರರಿಂದ ಐದು ಪಟ್ಟು ಆಯಿತು, ಯಕೃತ್ತಿಗೆ ಅಪಾಯ. ಮಕ್ಕಳ ವಾರ್ಡಿನ ಸಿಸ್ಟರ್ ಬಾಟಲಿಯ ಚೀಟಿಯನ್ನು ಪ್ರತಿ ಸಲ ಓದುವುದು ಇದಕ್ಕಾಗಿ. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. ಹಿಂದೆ ನಮ್ಮಲ್ಲಿ ಧಾರಾಳವಾಗಿ ಬರೆಯುತ್ತಿದ್ದ ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿದೆ. ಕೊಡೀನ್ ಕಥೆ ಬೇರೆ: ದೇಹದೊಳಗೆ ಅದು ಮಾರ್ಫಿನ್ ಆಗಿ ಬದಲಾಗುತ್ತದೆ, ಕೆಲವರ ವಂಶವಾಹಿಗಳಿಂದಾಗಿ ಈ ಬದಲಾವಣೆ ಅತಿ ವೇಗ. ಟಾನ್ಸಿಲ್ ತೆಗೆಸಿಕೊಂಡ ಕೆಲವು ಮಕ್ಕಳು ಹೀಗೆ ಉಸಿರು ನಿಂತು ಸತ್ತ ಮೇಲೆ ಅದನ್ನೂ ಮಕ್ಕಳಿಂದ ದೂರವಿಡಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2012ರ ಮಾರ್ಗಸೂಚಿಯಲ್ಲೇ ಕೊಡೀನ್‌ನ ನಡುಮೆಟ್ಟಿಲು ಕಿತ್ತು, ಸಾದಾ ಔಷಧ ಸಾಲದಿದ್ದರೆ ನೇರವಾಗಿ ಕಡಿಮೆ ಪ್ರಮಾಣದ ಮಾರ್ಫಿನ್ ಎಂದಿತು.

ಮಾರ್ಫಿನ್ ಎಂದೊಡನೆ ಮನೆಯವರು ಹೆದರುತ್ತಾರೆ, ಎಷ್ಟೋ ಸಲ ಸಿಬ್ಬಂದಿಯೂ. ಹೆದರಿಕೆಗೆ ಮದ್ದು ಎಚ್ಚರ. ಕೊಡುವ ಮೊದಲೂ ಆಮೇಲೂ ಸಿಸ್ಟರ್ ಪೂರ್ತಿ ಒಂದು ನಿಮಿಷ ಮಗುವಿನ ಉಸಿರು ಎಣಿಸುತ್ತಾರೆ, ಕರೆದರೆ ಕಣ್ಣು ಬಿಡುತ್ತದೆಯೇ ನೋಡುತ್ತಾರೆ. ಉಸಿರು ಕುಗ್ಗುವ ಮೊದಲು ಮಂಪರು ಹೆಚ್ಚುತ್ತದೆ, ಅದೇ ಮುನ್ಸೂಚನೆ. ನಲಾಕ್ಸೋನ್ ಎಂಬ ಪ್ರತಿ ಔಷಧ ಕೈಗೆಟುಕುವಲ್ಲಿರುತ್ತದೆ. ಕ್ಯಾನ್ಸರ್ ಮಗುವಿನ ನೋವಿಗೆ ಹೀಗೆ ಕೊಟ್ಟ ಮಾರ್ಫಿನ್ ಚಟವಾಗುವುದು ತೀರಾ ವಿರಳ. 1985ರ ಮಾದಕವಸ್ತು ಕಾಯ್ದೆಯಿಂದಾಗಿ ನಮ್ಮ ಆಸ್ಪತ್ರೆಗಳಿಗೆ ಮಾರ್ಫಿನ್ ತರಿಸುವುದೇ ದೊಡ್ಡ ತಲೆನೋವಾಗಿತ್ತು. 2014ರ ತಿದ್ದುಪಡಿ ಪರವಾನಗಿಯ ಗೋಜಲನ್ನು ಸಡಿಲಿಸಿತು. ಕಾನೂನು ಬದಲಾದಷ್ಟು ಬೇಗ ಮನಸ್ಸು ಬದಲಾಗಿಲ್ಲ.

ಎಷ್ಟು ಔಷಧ ಎಂಬುದರಷ್ಟೇ ಮುಖ್ಯ ಯಾವಾಗ ಎಂಬುದು. ನಮ್ಮ ಕೇಸ್ ಶೀಟುಗಳಲ್ಲಿ ನೋವಿನ ಔಷಧದ ಮುಂದೆ 'ಎಸ್‌ಓಎಸ್' ಎಂದು ಬರೆಯುತ್ತಾರೆ, ಅಂದರೆ ಬೇಕೆಂದಾಗ ಕೊಡಿ. ಯಾರು ಬೇಕೆನ್ನಬೇಕು? ಮಗು ಕೇಳುವುದಿಲ್ಲ, ತಾಯಿ ಸಿಸ್ಟರ್‌ಗೆ ತೊಂದರೆ ಕೊಡಬಾರದೆಂದು ಸುಮ್ಮನಿರುತ್ತಾಳೆ, ಸಿಸ್ಟರ್ ಪಾಲಿಗೆ ಹತ್ತಾರು ಮಂಚಗಳಿರುತ್ತವೆ. ಹಾಗಾಗಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೊದಲ ಒಂದೆರಡು ದಿನ ಗಡಿಯಾರ ನೋಡಿಕೊಂಡು, ನೋವು ಏಳುವ ಮೊದಲೇ ಕೊಡುವುದು ಸರಿಯಾದ ಕ್ರಮ. ಈಲ್ಯಾಂಡ್ ಎಣಿಸಿದ ಆ 24 ಡೋಸ್‌ಗಳ ಹಿಂದೆ ಈ 'ಬೇಕೆಂದಾಗ' ಎಂಬ ಪದ್ಧತಿಯ ಕೈವಾಡ ಎಷ್ಟಿತ್ತೆಂದು ಊಹಿಸುವುದು ಕಷ್ಟವಲ್ಲ.

ಓದುಗರೇ, ನಿಮ್ಮ ಮನೆಯಲ್ಲಿ ಆರು ವಾರದ ಮಗುವಿದ್ದರೆ ಲಸಿಕೆ ದಿನ ಅದಕ್ಕೆ ಒಂದಲ್ಲ, ಮೂರು ಸೂಜಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಉಪಾಯಗಳಿಗೆ ದುಡ್ಡು ಬೇಕಿಲ್ಲ: ಮಗು ತಾಯಿಯ ತೊಡೆಯ ಮೇಲಿರಲಿ, ಹಾಲು ಕುಡಿಯುತ್ತಿರಲಿ, ಹೆಚ್ಚು ನೋಯುವ ಲಸಿಕೆ ಕೊನೆಗಿರಲಿ. ಹಾಲು ಕುಡಿಸುತ್ತಾ ಹಾಕಿ ಎಂದು ಸಿಸ್ಟರ್‌ಗೆ ಕೇಳಿ, ಬಹುತೇಕರು ಒಪ್ಪುತ್ತಾರೆ. ಶಸ್ತ್ರಚಿಕಿತ್ಸೆಯಾದ ಮಗುವಿನ ಪಕ್ಕ ಕುಳಿತಿದ್ದರೆ, ನೋವಿನ ಅಂಕ ಎಷ್ಟು ಬರೆದಿರಿ, ಮುಂದಿನ ಡೋಸ್ ಎಷ್ಟು ಗಂಟೆಗೆ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಊಟ ಮಾಡದ ಮಗುವನ್ನು, ಹಟ ಮಾಡುವ ಮಗುವನ್ನು "ಡಾಕ್ಟ್ರ ಹತ್ರ ಸೂಜಿ ಹಾಕಿಸ್ತೀನಿ ನೋಡು" ಎಂದು ಹೆದರಿಸುವುದನ್ನು ಇವತ್ತೇ ಬಿಡಿ. ಹಾಗೆ ಹೆದರಿಸಿಕೊಂಡ ಮಗು, ಮುಂದೊಂದು ದಿನ ಸಿಸ್ಟರ್ ಬಂದು ನೋವಿದೆಯಾ ಎಂದು ಕೇಳಿದಾಗ, ಇಲ್ಲ ಎನ್ನುತ್ತದೆ.